ಹೊರಗಿಂದ ಹಾಕಿದ ಚಿಲಕ

ಅದನ್ನು ಕೆಳಗಿಡು ಮೊದಲು, ಸ್ನೇಹಾ. ಸಂಗೀತಾ ಪಾಪ ಒಳಗೆ ಬಾತ್‌ರೂಮ್ ತಿಕ್ತಾ ಇದ್ದಾಳೆ, ನೀನು ಇಲ್ಲಿ ಅವಳ ಚೀಲದ ಜಿಪ್ ಎಳೀತಾ ಇದ್ದೀಯಲ್ಲ, ನಿನ್ನ ಇಯರ್‌ಫೋನ್ ಕಾಣುದಿಲ್ಲ ಅಂತ. "ಅಜ್ಜೀ, ಸಿರ್ಫ್ ದೇಖ್ ರಹೀ ಹೂಂ" ಅಂತೆ. ಬರೀ ನೋಡುದು ಅಂತ ಒಂದು ಇಲ್ಲ ಮಗಾ. ನನ್ನ ಚೀಲವನ್ನೂ ಒಂದು ದಿನ ಹಾಗೇ ಬರೀ ನೋಡಿದ್ರು. ಬಾ, ಗ್ಯಾಲರಿಗೆ ಬಾ, ಅವಳಿಗೆ ಕೇಳುದು ಬೇಡ.

ನಿನ್ನ ಅಜ್ಜ ಹೋಗಿ ವರ್ಷ ತುಂಬಿರ್ಲಿಲ್ಲ ಆಗ. ಕಲ್ಯಾಣ ಸ್ಟೇಷನ್ ಹತ್ರ ಹೋಟೆಲಿನ ಗಲ್ಲೆಯಲ್ಲಿ ಕೂರ್ತಿದ್ದವರು, ಕೂತಲ್ಲೇ ಹೋದ್ರು. ನಾನು ಅಷ್ಟು ವರ್ಷ ಹೊಸಿಲು ದಾಟಿ ಕೆಲಸಕ್ಕೆ ಹೋದವಳೇ ಅಲ್ಲ, ಗೊತ್ತುಂಟಾ? ಐವತ್ತರ ಹತ್ರ ಬಂದ ಮೇಲೆ ಮೊದಲನೇ ಕೆಲಸ, ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನಲ್ಲಿ ಅಡುಗೆಗೆ. ಬೆಳಗ್ಗೆ ಡೊಂಬಿವಲಿಯಿಂದ ಲೋಕಲು, ಥಾಣೆಯಲ್ಲಿ ಇಳಿದು ಬಸ್ಸು. ಲಿಫ್ಟು ಎರಡಿತ್ತು, ನಮಗೆ ಹಿಂದಿನದ್ದು, ಕಸದ ಡಬ್ಬ ಇಳಿಸುವಂಥದ್ದು. ಮನೆಯವರು ಬೆಂಗಳೂರು ಕಡೆಯವರು. ಕನ್ನಡ ಮಾತಾಡ್ತಾರಲ್ಲ ಅಂತ ನಂಗೆ ಅದೇ ಒಂದು ಧೈರ್ಯ. ಮೇಡಂ ನನ್ನನ್ನು "ಗಿರಿಜಮ್ಮ, ಬನ್ನಿ, ಹೋಗಿ" ಅಂತಲೇ ಮಾತಾಡ್ಸ್ತಿದ್ದದ್ದು, ಸುಳ್ಳು ಹೇಳ್ಬಾರದು. ಮನೆಯಲ್ಲಿ ನೀನು ತೊಟ್ಟಿಲಲ್ಲಿ. ನಿನ್ನಮ್ಮನಿಗೆ ಕಂಪನಿಯಲ್ಲಿ ಸೆಕೆಂಡ್ ಶಿಫ್ಟು. ನಾನು ಮಧ್ಯಾಹ್ನ ಬಂದು ನಿನ್ನನ್ನು ಎತ್ತಿಕೊಂಡ್ರೆ ಅವಳು ಚಪ್ಪಲಿ ಹಾಕುದು, ಹಾಗೆ ನಡೀತಿತ್ತು ಸಂಸಾರ.

ಶ್ರಾವಣ ಬಂತು, ವರಮಹಾಲಕ್ಷ್ಮಿ ಪೂಜೆ. ನಮ್ಮ ಕಡೆ ಅದು ಅಷ್ಟಿಲ್ಲ, ಅವರಲ್ಲಿ ಭಾರೀ ಜೋರು. ತಟ್ಟೆ ತುಂಬ ಅಕ್ಕಿ, ಅದರ ಮೇಲೆ ಕಲಶ, ಕಲಶಕ್ಕೆ ದೇವಿಯ ಮುಖ ಕಟ್ಟಿ, ಸೀರೆ ಉಡಿಸಿ, ಮನೆಯ ಚಿನ್ನ ಎಲ್ಲ ಅದಕ್ಕೆ ಹಾಕುದು. ನೋಡ್ಲಿಕ್ಕೆ ಚಂದವೇ. ನೋಡಿದ್ದು ಅಡುಗೆಮನೆ ಬಾಗಿಲಿಂದ. ಯಾಕಂದ್ರೆ ಮೇಡಂ ಮುಂಚೆಯೇ ಹೇಳಿದ್ರು, "ಗಿರಿಜಮ್ಮ, ಬೇಜಾರು ಮಾಡ್ಕೋಬೇಡಿ, ದೇವರ ಕೋಣೆಗೆ ಬರೋದು ಬೇಡ ಎರಡು ದಿನ." ನನ್ನ ಹಣೆ ಖಾಲಿ ಅಲ್ವಾ. ಬೇಜಾರು ಮಾಡ್ಕೊಂಡೆ. ಹೋಳಿಗೆ ಮಾತ್ರ ನಾನೇ ತಟ್ಟಿದ್ದು, ದೇವಿಗೂ ಅದೇ ನೈವೇದ್ಯ, ಅದಕ್ಕೆ ಮೈಲಿಗೆ ಇಲ್ಲ.

ಮಾರನೇ ದಿನ ಶನಿವಾರ, ಮೇಡಂ ತಾವೇ ಕಲಶ ಕದಲಿಸಿದ್ರು. ಸೀರೆ ಬಿಚ್ಚಿ, ಒಡವೆ ತೆಗೆದು, ಆ ಅಕ್ಕಿಯನ್ನು ಡಬ್ಬಕ್ಕೆ ಸುರಿದು ದೇವರ ಕೋಣೆಯಲ್ಲೇ ಇಟ್ರು. ದೇವಿಯ ಅಕ್ಕಿ, ಪೊಂಗಲ್ ಮಾಡ್ಲಿಕ್ಕೆ. ನಾನು ಕೈ ಒರೆಸಿ ಹೊರಡ್ಬೇಕು, ಅಷ್ಟೊತ್ತಿಗೆ ಒಳಗಿಂದ ಬಂದ್ರು. ದೇವಿಗೆ ಹಾಕಿದ ಎರಡೆಳೆ ಸರ ಇಲ್ಲ. "ಗಿರಿಜಮ್ಮ, ನೋಡಿದ್ರಾ?" ಇಲ್ಲಮ್ಮ. "ಸರಿಯಾಗಿ ಜ್ಞಾಪಿಸ್ಕೊಳ್ಳಿ." ಇಲ್ಲಮ್ಮ, ನಾನು ಒಳಗೇ ಬರ್ಲಿಲ್ಲ ಅಲ್ವಾ. ಆಮೇಲೆ ನೋಡು, ಮಾತು ಹೇಗೆ ತಿರುಗ್ತದೆ ಅಂತ. "ನಿನ್ನ ಬ್ಯಾಗ್ ತಗೊಂಡ್ಬಾ ಇಲ್ಲಿ." ಬನ್ನಿ ಹೋಗಿ ಅಂತಿದ್ದ ಬಾಯಿಯೇ ಅದು. ಎದುರು ಫ್ಲಾಟಿನ ಗುಜರಾತಿ ಹೆಂಗಸನ್ನು ಕರೆದ್ರು, ಕೆಳಗಿಂದ ವಾಚ್‌ಮನ್‌ನನ್ನು ಕರೆದ್ರು, ಸಾಕ್ಷಿಗೆ. ಅವರಿಬ್ಬರ ಎದುರು ನನ್ನ ಚೀಲ ನೆಲಕ್ಕೆ ಕೊಡವಿದ್ರು. ಛತ್ರಿ, ಟ್ರೈನ್ ಪಾಸು, ನನ್ನದೊಂದು ಒಳಗಿನ ಬಟ್ಟೆ, ಮಳೆಗಾಲ ಅಲ್ವಾ, ಒದ್ದೆಯಾದ್ರೆ ಬದಲಿಸ್ಲಿಕ್ಕೆ ಅಂತ ಇಟ್ಟದ್ದು. ಅದೂ ಆ ಗಂಡಸಿನ ಕಾಲ ಹತ್ರ ಬಿತ್ತು. ಆ ವಾಚ್‌ಮನ್ ಪಾಪ ಗೋಡೆ ಕಡೆ ತಿರುಗಿದ. ಸರ ಇರ್ಲಿಲ್ಲ. ಇರ್ಲಿಲ್ಲ ಅಂದ್ರೆ ಬಿಡ್ಬೇಕಲ್ಲ? ಇಲ್ಲ. "ಸಾಹೇಬ್ರು ಬರ್ಲಿ, ಅಲ್ಲಿವರೆಗೆ ನೀನು ಹೋಗೋ ಹಾಗಿಲ್ಲ" ಅಂತ ಡ್ರೈ ಬಾಲ್ಕನಿಗೆ ದೂಡಿ ಹೊರಗಿಂದ ಚಿಲಕ ಹಾಕಿದ್ರು.

ಡ್ರೈ ಬಾಲ್ಕನಿ ಅಂದ್ರೆ ವಾಷಿಂಗ್ ಮಷಿನ್ ಇಡುವ ಜಾಗ, ಒಬ್ಬಳು ಕೂತ್ರೆ ಕಾಲು ಚಾಚ್ಲಿಕ್ಕಾಗುದಿಲ್ಲ. ಎದುರು ಗ್ರಿಲ್ಲು, ತುಂಬ ಕೆಳಗೆ ರಸ್ತೆ. ನನ್ನ ಬಸ್ಸು ಬರ್ತದೆ, ಹೋಗ್ತದೆ, ನಾನು ನೋಡುದು. ಮೊಬೈಲ್ ಎಲ್ಲಿತ್ತು ನನ್ನ ಹತ್ರ? ನಿನ್ನಮ್ಮ ಬಾಗಿಲಲ್ಲಿ ನಿಂತಿರ್ತಾಳೆ ನಿನ್ನನ್ನು ಎತ್ತಿಕೊಂಡು, ಅದೇ ಕಣ್ಣಿಗೆ ಕಟ್ಟುದು. ಬಾಯಾರಿಕೆ. ಮತ್ತೆ, ಹೇಳ್ಲಿಕ್ಕೆ ನಾಚಿಕೆ, ಆದ್ರೂ ಹೇಳ್ತೇನೆ, ನೀನು ದೊಡ್ಡವಳಾದೆ. ಬಾತ್‌ರೂಮಿಗೆ ಬಿಡಿ ಅಂತ ಬಾಗಿಲು ಬಡಿದೆ. ಬಿಡ್ಲಿಲ್ಲ. ಕೊನೆಗೆ ಮಷಿನ್ ನೀರು ಹೋಗುವ ತೂತಿನ ಹತ್ರ... ಸಾಕು, ಬಿಡು. ಅಷ್ಟು ಅತ್ತದ್ದು ನಿನ್ನ ಅಜ್ಜ ಹೋದಾಗಲೂ ಇಲ್ಲ.

ಆಗಾಗ ಬಾಗಿಲ ಹತ್ರ ಬಂದು ಮೇಡಂ ಹೇಳುದು, "ತಗೊಂಡೆ ಅಂತ ಒಪ್ಕೋ, ಪೊಲೀಸ್ ಗಿಲೀಸ್ ಬೇಡ, ಮನೆಗೆ ಹೋಗು." ಒಪ್ಕೊಂಡ್ರೆ ಚಿಲಕ ತೆಗೀತಾರೆ, ಮಗು ಹತ್ರ ಹೋಗ್ಬಹುದು. ಆದ್ರೆ ಕಳ್ಳಿ ಅಂತ ಆಯ್ತು, ಆ ರಸ್ತೆಯಲ್ಲಿ ಯಾವ ಗೇಟೂ ನನ್ನನ್ನು ಒಳಗೆ ಬಿಡುದಿಲ್ಲ. ಒಪ್ಕೊಳ್ದಿದ್ರೆ ಅಲ್ಲೇ ಕೊಳೀಬೇಕು. ಒಂದು ಸಲ ಬಾಯಿವರೆಗೆ ಬಂತು, ಹೌದು ಅಂತ ಹೇಳಿ ಬಿಡುವಾ ಅಂತ. ದೇವರು ಬಾಯಿ ಮುಚ್ಚಿಸಿದ. ಎಷ್ಟೋ ಸಮಯ ಆದ ಮೇಲೆ ನಿನ್ನಮ್ಮನ ಕಂಪನಿಗೆ ಒಬ್ಬ ವಕೀಲಮ್ಮ ಬಂದು ಹೇಳಿದ್ರಂತೆ, ಕಳವು ಆಗಿದ್ರೆ ಪೊಲೀಸಿಗೆ ಹೇಳ್ಬೇಕು, ಮನುಷ್ಯರನ್ನು ಕೂಡಿಹಾಕುದು ಅದೇ ಒಂದು ಗುನ್ಹಾ, ಅಪರಾಧ ಅಂತ. ನಂಗೆ ಅವತ್ತು ಎಂತ ಗೊತ್ತು? ಸಂಬಳ ಕೊಡುವವರಿಗೆ ಅದಕ್ಕೂ ಅಧಿಕಾರ ಉಂಟು ಅಂತ್ಲೇ ಅಂದ್ಕೊಂಡಿದ್ದೆ.

ಸಂಜೆ ಆಯ್ತು. ಮೇಡಮಿನ ಅತ್ತೆ ದೀಪ ಹಚ್ಚಿ, ಪೊಂಗಲ್ಲಿಗೆ ಅಂತ ಆ ದೇವಿಯ ಅಕ್ಕಿ ಮೊರಕ್ಕೆ ಸುರಿದಿದ್ದಾರೆ. ಸರ ಅದರೊಳಗೆ. ಸೀರೆ ಬಿಚ್ಚುವಾಗ ಜಾರಿ ಬಿದ್ದದ್ದು. ಇಡೀ ಮನೆ ಹುಡುಕಿದವರು ಆ ಡಬ್ಬ ಒಂದು ಮುಟ್ಲಿಲ್ಲ, ದೇವಿಯದ್ದು ಅಂತ. ನಾನೂ ಮುಟ್ಟಿರ್ಲಿಲ್ಲ, ಮುಟ್ಬೇಡ ಅಂತ ಅವರೇ ಹೇಳಿದ್ದು. ಮೇಡಂ ಬಂದು ಚಿಲಕ ತೆಗೆದ್ರು. ಮುಖ ನೋಡ್ಲಿಲ್ಲ. "ಸಿಕ್ತು. ಹೋಗಿ ಗಿರಿಜಮ್ಮ, ಲೇಟಾಯ್ತು. ಸೋಮವಾರ ಬನ್ನಿ." ಪುನಃ ಬನ್ನಿ ಅಂತೆ.

ನಾನು ಏಳ್ಲಿಲ್ಲ. ಅಲ್ಲಿಯೇ ಕೂತೆ. ಮನೆಯಲ್ಲಿ ನೀನು ಅಳ್ತಿರ್ತಿ ಅಂತ ಗೊತ್ತಿತ್ತು, ಆದ್ರೂ ಕೂತೆ. ಹೇಳಿದೆ, "ಬೇಕಾದ್ರೆ ಪುನಃ ಚಿಲಕ ಹಾಕಿ. ಮಧ್ಯಾಹ್ನ ಇಬ್ಬರನ್ನು ಕರೆದ್ರಲ್ಲ, ಅವರನ್ನೇ ಕರೀರಿ. ಅವರೆದುರು ಹೇಳಿ." "ಸುಮ್ನೆ ಯಾಕೆ ದೊಡ್ಡದು ಮಾಡ್ತೀರಾ?" ಅಂದ್ರು. ದೊಡ್ಡದು ಮಾಡಿದ್ದು ಯಾರು ಮಾರಾಯ್ತಿ? ಕಡೆಗೆ ಅತ್ತೆಯೇ ಹೋಗಿ ಇಬ್ಬರನ್ನೂ ಕರ್ಕೊಂಡು ಬಂದ್ರು. ಮೇಡಂ ನೆಲ ನೋಡಿ ಹಿಂದಿಯಲ್ಲಿ ಹೇಳಿದ್ರು, ಚೈನ್ ಘರ್ ಮೇ ಥೀ, ಇಸ್ನೇ ನಹೀ ಲೀ, ಸರ ಮನೆಯಲ್ಲೇ ಇತ್ತು, ಇವಳು ತಗೊಳ್ಲಿಲ್ಲ ಅಂತ. ನಾನು ಚೀಲ ಹೆಗಲಿಗೆ ಹಾಕಿ ಬಂದೆ, ಎದುರಿನ ಲಿಫ್ಟಿನಲ್ಲಿ ಇಳಿದೆ. ಮತ್ತೆ ಆ ಕಡೆ ಕಾಲಿಡ್ಲಿಲ್ಲ. ಮನೆಗೆ ಬಂದ್ರೆ ನಿನ್ನಮ್ಮ ಶಿಫ್ಟು ತಪ್ಪಿಸಿ ಬಾಗಿಲಲ್ಲೇ ಕೂತಿದ್ದಾಳೆ, ನೀನು ಅತ್ತು ಅತ್ತು ಮಲಗಿದ್ದಿ.

ಈಗ ಸಂಗೀತಾ ಬರ್ತಾಳೆ, ಜಿಪ್ ಮುಚ್ಚಿ ಚೀಲ ಇದ್ದಲ್ಲೇ ಇಡು. ಅವಳದ್ದೂ ಬಟ್ಟೆ ಉಂಟು ಅದರಲ್ಲಿ. ಇನ್ನೊಬ್ಬರ ಚೀಲಕ್ಕೆ ಕೈ ಹಾಕುವ ಮೊದಲು ನಮ್ಮನೆ ಅಕ್ಕಿ ಡಬ್ಬಕ್ಕೆ ಕೈ ಹಾಕ್ಬೇಕು. ಹೋಗು, ನಿನ್ನ ಹಾಸಿಗೆ ಕೊಡವಿ ನೋಡು.