ನಾರಾದಲ್ಲಿ ಗುರುದೇವಿ ಆಡಿದ ಮಾತು

ವೇದಿಕೆಯ ಮೇಲಿರುವ ಅಧ್ಯಕ್ಷೆ ಲತಾಶ್ರೀ ಅವರೇ, ಅತಿಥಿಗಳೇ, ದೂರದ ಲೆಮಾಂಟ್ ಊರಿನಿಂದ ಡ್ರೈವ್ ಮಾಡಿಕೊಂಡು ಬಂದ ಬೀಗರೇ, ಹಿಂದಿನ ಸಾಲಿನಲ್ಲಿ ಫೋನ್ ನೋಡುತ್ತಿರುವ ಮಕ್ಕಳೇ, ಸಮಸ್ತ ಸಭಿಕರೇ,

ಈ ಪರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ನಮ್ಮ ರಾಚೆಸ್ಟರ್ ಹಿಲ್ಸ್ ಕನ್ನಡ ಶಾಲೆ ಇಂದು ಸನ್ಮಾನಿಸುತ್ತಿರುವ ಗುರುದೇವಿ ನಿಮಗೆ ಟೀಚರ್, ನನಗೆ ಹೆಂಡತಿ. ಎರಡೇ ಮಾತಿನಲ್ಲಿ ಪರಿಚಯ ಮುಗಿಸಿ ಎಂದಿದ್ದಾರೆ. ಇಷ್ಟು ವರ್ಷದ ಸಂಸಾರ ಎರಡು ಮಾತಿನಲ್ಲಿ ಹಿಡಿಸುತ್ತದೆಯೇ? ಹಾಗಾಗಿ ಒಂದು ದಿನದ ಸಂಗತಿಯನ್ನಷ್ಟೇ ಹೇಳುತ್ತೇನೆ.

ಹೋದ ವರ್ಷ ಇವಳಿಗೆ ಪಾರ್ಶ್ವವಾಯು ಆಯಿತು. ಕೈಕಾಲು ಸರಿಹೋದವು, ಪದಗಳು ಮಾತ್ರ ಬಾಯಿಗೆ ಬರದಾದವು. ‘ಚಮಚ’ ಎನ್ನಲು ಹೋಗಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ನಾನಿದ್ದೇನಲ್ಲ? ಅವಳ ಮಾತನ್ನೆಲ್ಲ ನಾನೇ ಆಡಿಬಿಡುತ್ತಿದ್ದೆ. ಬರಬರುತ್ತ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು. ಶಾಲೆಯನ್ನೂ ಬಿಟ್ಟಳು.

ಏಪ್ರಿಲ್‌ನಲ್ಲಿ ಕಂಪನಿ ಕೆಲಸಕ್ಕೆಂದು ಜಪಾನಿಗೆ ಹೊರಟಾಗ ಅವಳನ್ನೂ ಕರೆದೊಯ್ದೆ. ನಾರಾ ಎಂಬ ಊರಿನಲ್ಲಿ ಸಾವಿರದ ಮುನ್ನೂರು ವರ್ಷ ಹಿಂದಿನ ಅರಮನೆಯ ಬಯಲಿದೆ. ಅರಸರ ಸಭಾಭವನ ಎಂದೋ ಅಳಿದುಹೋಗಿ ಅಡಿಪಾಯದ ಗುರುತಷ್ಟೇ ಉಳಿದಿತ್ತು. ಅದೇ ಜಾಗದಲ್ಲಿ ಈಗ ಹೊಸದಾಗಿ ಕಟ್ಟಿದ್ದಾರೆ. ಕೆಂಪು ಕಂಬಗಳು, ನಡುವೆ ಎತ್ತರದ ಸಿಂಹಾಸನ. ಹೊರಗೆ ಬಯಲನ್ನು ಸೀಳಿಕೊಂಡು ಹೋಗುವ ಲೋಕಲ್ ರೈಲು!

ಅದನ್ನೆಲ್ಲ ತೋರಿಸಿದವರು ಒಬ್ಬ ವೃದ್ಧೆ, ಸ್ವಯಂಸೇವಕಿ. ಇಂಗ್ಲಿಷ್ ಅವರಿಗೆ ಕಷ್ಟ. “ಹೊಸ ವರ್ಷದ ದಿನ ಅಧಿಕಾರಿಗಳೆಲ್ಲ ಈ ಅಂಗಳದಲ್ಲಿ ಸೇರಿ, ಅರಸರಿಗೆ…” ಎಂದವರು ಅಲ್ಲೇ ನಿಂತರು. ಮುಂದಿನ ಪದ ಸಿಗಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ನಾನು ಸುಮ್ಮನಿರುವವನೇ? ಬಾಯಿ ತೆರೆದೆ.

ಗುರುದೇವಿ ನನ್ನ ತೋಳು ಹಿಡಿದಳು. “ಸುಮ್ನಿರ್ರಿ. ಆಕಿ… ಆಕೀನ ಹೇಳ್ತಾಳ.”

ಎಷ್ಟೋ ತಿಂಗಳ ನಂತರ ಅವಳಿಂದ ಕೇಳಿದ ಪೂರ್ತಿ ಮಾತು ಅದು. ಗದರಿಕೆಯೇ ಆದರೂ ನನ್ನ ಪಾಲಿಗೆ ಹಬ್ಬ! ಆ ತಾಯಿ ಕಣ್ಣು ಮುಚ್ಚಿ ಹುಡುಕಿದರು. ಸಿಗದಿದ್ದಾಗ ಬೆನ್ನು ಬಾಗಿಸಿ ತೋರಿಸಿದರು. ಗುರುದೇವಿಯೂ ಬಾಗಿದಳು. ಇಬ್ಬರೂ ನಕ್ಕರು. ನಗುನಗುತ್ತಲೇ ಆಕೆಗೆ ಪದ ಸಿಕ್ಕಿತು: “ನಮಸ್ಕರಿಸುತ್ತಿದ್ದರು!”

ವಾಪಸ್ ಬರುವಾಗ ರೈಲಿನಲ್ಲಿ ಇವಳು ತಡೆದು ತಡೆದು ಹೇಳಿದಳು: “ಊರಿಗೆ ಹೋದ ಮ್ಯಾಲ… ನಾ ಸಾಲಿಗೆ ಹೋಗಾಕಿ. ನೀವು… ಒಳಗ ಬರಬ್ಯಾಡ್ರಿ.”

ನಾನು ಶಾಲೆಯ ಒಳಗೆ ಹೋಗಲಿಲ್ಲ, ಕಾರಿನಲ್ಲೇ ಕುಳಿತಿದ್ದೆ. ಮೊದಲ ಪಾಠದಲ್ಲಿ ಇವಳು ಪದ ಸಿಗದೆ ನಿಂತಾಗ ತರಗತಿಯ ಪುಟ್ಟ ಹುಡುಗಿ ಹರ್ಷಿತಾ, “ಟೇಕ್ ಯುವರ್ ಟೈಮ್, ಆಂಟಿ” ಎಂದಳಂತೆ. ಮಗುವಿಗೆ ಹೊಳೆದದ್ದು ನನಗೇಕೆ ಹೊಳೆಯಲಿಲ್ಲ?

ಇನ್ನು ಮೈಕು ಅವಳದು. ನಿಧಾನವಾಗುತ್ತದೆ, ಊಟ ತಡವಾದರೆ ಮನ್ನಿಸಿ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಋಣಿ. ನಾನು ಕೆಳಗಿಳಿದು ನಿಮ್ಮ ನಡುವೆ ಕುಳಿತು ಕೇಳುತ್ತೇನೆ. ನಮಸ್ಕಾರ.