ಸಂತೋಷ್ ಭಾಬಿ ಕೇಳಿದ ಪಾಲು

ಅಲ್ಲ ಕಣೋ, ಫ್ರಾಸ್ಟ್ ಅನ್ನೋದು ಫ್ರೀಜರ್ ಒಳಗೆ ಮಾತ್ರ ಇರುತ್ತೆ ಅಂತ ಯಾರ್ ಹೇಳಿದ್ರು ನಿಂಗೆ? ನಾನು ಕಣ್ಣಾರೆ ನೋಡಿದೀನಿ, ಗಿಡದ ಮೇಲೆ, ನೆಲದ ಮೇಲೆ, ಬೇಲಿ ಮೇಲೆ, ಅದೂ ಎಲ್ಲಿ ಗೊತ್ತಾ, ಮರಳುಗಾಡಲ್ಲಿ! ನಗ್ಬೇಡ ಧೃತಿ, ಆ ಬೀಜದ ಪ್ಯಾಕೆಟ್ ಹಿಂದೆ ಏನ್ ಬರ್ದಿದೆ ಇನ್ನೊಂದ್ಸಲ ಓದು. ಹಾಂ, ‘ಕೊನೇ ಫ್ರಾಸ್ಟ್ ಆದ್ಮೇಲೆ ಬಿತ್ತಿ.’ ನೋಡು, ಈ ಪರದೇಶದ ಚೋವಾ ಚು ಕಾಂಗ್‌ನಲ್ಲಿ, ಕಾರಿಡಾರ್‌ನಲ್ಲಿ ಕುರ್ಚಿ ಹಾಕ್ಕೊಂಡು, ಜನವರೀಲೂ ಬೆವರು ಒರೆಸ್ಕೊಂಡು ಕೂತಿದೀವಿ, ನಮಗೆ ಇದನ್ನ ಆನ್‌ಲೈನ್‌ನಲ್ಲಿ ಮಾರಿದಾನಲ್ಲ ಪುಣ್ಯಾತ್ಮ! “ಇಲ್ಲಿ ಫ್ರಾಸ್ಟೇ ಬರಲ್ಲ ಲಾ ಅಜ್ಜಿ, ಹಾಗಾದ್ರೆ ಯಾವಾಗ ಬಿತ್ತೋದು?” ಅಂತಾನೆ ನಿನ್ ತಮ್ಮ, ಇಲ್ಲಿಯೋರ ಹಾಗೆ ‘ಲಾ’ ಹಚ್ಕೊಂಡು. ಇವತ್ತೇ ಬಿತ್ತು ಮಹರಾಯ, ನಾಳೆ ಬಿತ್ತು, ಯಾವತ್ತಾದ್ರೂ ಬಿತ್ತು. ಇಲ್ಲಿ ಮಳೆ, ಬಿಸ್ಲು, ಮಳೆ, ಬಿಸ್ಲು, ಅಷ್ಟೆ. ಕುಂಡ ಅಡ್ಡ ಇಡ್ಬೇಡಿ ಅಂತ ನಿಮ್ಮಪ್ಪ ಬೈಯೋದು ಬಿಟ್ರೆ ಗಿಡಕ್ಕೆ ಇಲ್ಲಿ ಏನೂ ಭಯ ಇಲ್ಲ. ಆದ್ರೆ ಎಲ್ಲಾ ಊರೂ ಹೀಗಿರಲ್ಲ ಕಣ್ರೋ. ಚಿನ್ನು, ಆ ಫೋನ್ ಕೆಳಗಿಡು, ಕೇಳು.

ನಿಮ್ ತಾತ ಕಾಲುವೆ ಇಂಜಿನಿಯರ್ ಆಗಿದ್ರಲ್ಲ, ಮದುವೆ ಆದ ಹೊಸದ್ರಲ್ಲೇ ರಾಜಸ್ಥಾನಕ್ಕೆ ಹಾಕಿದ್ರು, ಬಿಕಾನೇರ್‌ಗಿಂತ ಇನ್ನೂ ಆಚೆ. ನಾನು ಬಸುರಿ. ಅವರು ಒಬ್ಬರೇ ಹೋದ್ರು, ನಾನು ಮೈಸೂರಲ್ಲಿ ಅತ್ತೆ ಮಾವನ ಜೊತೆ ಉಳ್ಕೊಂಡೆ. ನಿಮ್ಮಮ್ಮ ಹುಟ್ಟಿ, ತೆವಳಿ, ಅಂಬೆಗಾಲು ಇಡೋ ತನಕ ಅವರಪ್ಪ ಅವಳ ಮುಖ ನೋಡಿರ್ಲಿಲ್ಲ ಅಂದ್ರೆ ಲೆಕ್ಕ ಹಾಕಿ. ವೀಡಿಯೋ ಕಾಲ್ ಎಲ್ಲಿತ್ತು ಆಗ? ಕೊನೆಗೆ ನಾನೇ ಹಠ ಹಿಡ್ದು ಮಗು ಎತ್ಕೊಂಡು ಹೊರಟೆ. ಇನ್ನು ಸತ್ರೂ ಇವರನ್ನ ಬಿಟ್ಟಿರಲ್ಲ ಅಂತ ರೈಲಲ್ಲೇ ಅಂದ್ಕೊಂಡೆ. ಹೋಗಿ ನೋಡಿದ್ರೆ, ಅಯ್ಯೋ ದೇವ್ರೇ, ಕಣ್ಣಿಗೆ ಕಾಣೋಷ್ಟು ದೂರ ಮರಳು, ನಡುವೆ ನಾಲ್ಕು ಸಾಲು ಕ್ವಾರ್ಟರ್ಸು, ಅನ್ನದಲ್ಲಿ ಮರಳು, ಹಾಸಿಗೇಲಿ ಮರಳು, ಕಿವಿಯಲ್ಲಿ ಮರಳು. ತರಕಾರಿ ಅಂದ್ರೆ ವಾರಕ್ಕೊಮ್ಮೆ ಲಾರೀಲಿ ಬರೋ ಆಲೂಗೆಡ್ಡೆ, ಈರುಳ್ಳಿ. ಅದೂ ಒಂದೊಂದ್ಸಲ ಬರ್ತಾನೇ ಇರ್ಲಿಲ್ಲ.

ಆ ಹೊತ್ತಿಗೆ ಮಗೂಗೆ ದಡಾರ ಬಂತು. ದಡಾರ ಅಂದ್ರೆ ಮೀಸಲ್ಸ್. ಹೌದು, ಅವಳೇ, ಈಗ ಒಳಗೆ ಮೀಟಿಂಗ್‌ನಲ್ಲಿ ಕೂತು ಅಷ್ಟ್ ಜೋರಾಗಿ ಮಾತಾಡ್ತಿದಾಳಲ್ಲ, ನಿಮ್ಮಮ್ಮನೇ. ದಡಾರ ಏನೋ ಇಳೀತು, ಮಗು ಮಾತ್ರ ಮೇಲೆ ಏಳ್ಲಿಲ್ಲ. ಕಾಲು ಕಡ್ಡಿ ಕಡ್ಡಿ. ನಿಲ್ಲಿಸಿದ್ರೆ ಕುಸಿದು ಕೂರೋದು. ಅನ್ನ ಇಟ್ರೆ ಉಗಿಯೋದು, ಆಲೂಗೆಡ್ಡೆ ಕಂಡ್ರೆ ಮುಖ ತಿರುಗ್ಸೋದು. ಡಾಕ್ಟ್ರು “ಸೊಪ್ಪು, ತರಕಾರಿ ಕೊಡಿ ಬೆಹನ್‌ಜೀ” ಅಂದ್ರು. ಎಲ್ಲಿಂದ ತರ್ಲಿ? ಮೈಸೂರಿಂದ ಮಾವನೋರು ಒತ್ತಾಯದ ಮೇಲೆ ಒತ್ತಾಯ, ಮಗೂನ ಸಾಯಿಸ್ಬೇಡಿ, ಕಳಿಸಿ ಅಂತ. ತಾತ ಒಂದಿನ ಊಟಕ್ಕೆ ಕೂತೋರು ಕೈ ತೊಳ್ಕೊಂಡು ಎದ್ರು. “ನೋಡು, ಶಿವರಾತ್ರಿ ಹೊತ್ತಿಗೆ ಮಗು ಚೇತರಿಸ್ಕೊಳ್ದಿದ್ರೆ ನೀವಿಬ್ರೂ ವಾಪಸ್ ಹೋಗಿ. ಅಪ್ಪನೇ ಬಂದು ಕರ್ಕೊಂಡು ಹೋಗ್ತಾರಂತೆ.” “ಮತ್ತೆ ನೀವು?” ಅಂದೆ. ಅವರು ಚಪ್ಪಲಿ ಮೆಟ್ಕೊಂಡು ಹೊರಗೆ ಹೋದ್ರು.

ಅದಕ್ಕೇ ನೋಡಿ ನಾನು ತರಕಾರಿ ತೋಟಕ್ಕೆ ಬಿದ್ದಿದ್ದು. ಮೈಸೂರಿಂದ ಬೀಜ ತಂದಿದ್ದೆ, ಅವರೆ, ಹುರುಳಿಕಾಯಿ, ಟೊಮೇಟೊ, ಬದನೆ. ಬಂದ ಹೊಸದ್ರಲ್ಲೇ ಒಂದ್ಸಲ ಬಿತ್ತಿದ್ದೆ, ಜೂನ್‌ನಲ್ಲಿ. ನಮ್ಮಲ್ಲಿ ಮೃಗಶಿರಾ ಮಳೆ ಅಂದ್ರೆ ಬಿತ್ತನೆ ತಾನೇ? ಅಲ್ಲಿ ಮಳೆ ಎಲ್ಲಿ, ಮರಳು ಬಾಣಲೆ ಕಾದ ಹಾಗೆ ಕಾದು ಬೀಜ ಎಲ್ಲಾ ಹುರಿಗಡಲೆ ಆಗೋಯ್ತು. ಆಮೇಲೆ ಗಣೇಶನ ಹಬ್ಬ ಕಳೆದು ಬಿಸ್ಲು ತಗ್ತಲ್ಲ, ಮತ್ತೆ ಬಿತ್ತಿದೆ. ಪಾತ್ರೆ ತೊಳೆದ ನೀರು, ಮಗು ಸ್ನಾನದ ನೀರು, ಒಂದು ತೊಟ್ಟೂ ಚೆಲ್ತಿರ್ಲಿಲ್ಲ. ಬಂತು ನೋಡಿ! ಡಿಸೆಂಬರ್ ಕಳೆಯೋ ಹೊತ್ತಿಗೆ ಅವರೆ ಹೂ ಬಿಟ್ಟು, ಹುರುಳಿಕಾಯಿ ಬೆರಳುದ್ದ ಆಗಿ, ಟೊಮೇಟೊ ಗೊಂಚಲು ಗೊಂಚಲು ಹಸ್ರಾಗಿ. ದಿನಾ ಬೆಳಗ್ಗೆ ಮಗೂನ ಸೊಂಟದಲ್ಲಿಟ್ಕೊಂಡು ಹೋಗಿ “ಇದು ನಿಂಗೆ, ಇದೂ ನಿಂಗೆ” ಅಂತ ತೋರಿಸ್ತಿದ್ದೆ. ಚಳಿ ಜಾಸ್ತಿ ಆದಷ್ಟೂ ನಂಗೆ ಖುಷಿ. ನಮ್ಮಲ್ಲಿ ಇಬ್ಬನಿ ಬಿದ್ರೇ ಅಲ್ವಾ ಅವರೆಗೆ ಸೊಗಡು? ಬೀಳ್ಲಿ ಬೀಳ್ಲಿ ಅಂತಿದ್ದೆ. ಎಂಥಾ ಪೆದ್ದಿ ನಾನು!

ಪಕ್ಕದ ಕ್ವಾರ್ಟರ್ಸ್‌ನಲ್ಲಿ ಸಂತೋಷ್ ಭಾಬಿ ಇದ್ಲು. ಹೆಂಗ್ಸೇ ಕಣೋ! ಅಲ್ಲಿ ಹೆಂಗಸ್ರಿಗೂ ಸಂತೋಷ್ ಅಂತ ಹೆಸ್ರಿಡ್ತಾರೆ. ಭಾಬಿ ಅಂದ್ರೆ ಅತ್ತಿಗೆ. ಮೊದ್ಲು ತಾತ “ಪಕ್ಕದ್ಮನೆ ಸಂತೋಷ್ ಮಗೂನ ನೋಡ್ಕೋತಾರೆ” ಅಂದಾಗ ನಾನು, ಯಾವ ಗಂಡಸಪ್ಪಾ ಇದು ಅಂತ ಬಾಗ್ಲು ಹಾಕ್ಕೊಂಡಿದ್ದೆ. ಓವರ್‌ಸಿಯರ್ ಹೆಂಡ್ತಿ, ಆ ಕಡೆಯೋಳೇ, ಮುಖದ ಮೇಲೆ ಇಷ್ಟುದ್ದ ಘೂಂಘಟ್, ಸೆರಗಿನ ಮುಸುಕು, ಅದರೊಳಗಿಂದ ಗಂಟೆ ಹೊಡೆದ ಹಾಗೆ ಮಾತು, ನನ್ನ ಬಹೂ, ಸೊಸೆ ಅಂತ ಕರೆಯೋಳು. ನಂಗೆ ಬರ್ತಿದ್ದ ಹಿಂದಿ ಎಷ್ಟು? ಪಾನಿ, ನಮಕ್, ಠೀಕ್ ಹೈ. ಅವಳಿಗೂ ತೋಟ ಇತ್ತು, ಬರೀ ಕ್ಯಾರೆಟ್ಟು, ಮೂಲಂಗಿ, ಮೆಂತ್ಯ, ಪಾಲಕ್ಕು, ಅಂಚಲ್ಲಿ ಒಂದಿಷ್ಟು ಬಟಾಣಿ. ಪಾಪ, ಇವಳಿಗೆ ಟೊಮೇಟೊ ಹಾಕಕ್ಕೆ ಬರಲ್ಲ ಅಂತ ನಾನು ಮನಸ್ಸಲ್ಲೇ ಬೀಗ್ತಿದ್ದೆ, ಒಂದು ಕಂತೆ ಸೊಪ್ಪೂ ಅವಳ ಹತ್ರ ಕೇಳಿರ್ಲಿಲ್ಲ.

ಒಂದಿನ, ಸಂಕ್ರಾಂತಿಗೆ ಸ್ವಲ್ಪ ಮುಂಚೆ, ತಾತ ಸರ್ವೆ ಕ್ಯಾಂಪಿಗೆ ಹೋಗಿದ್ರು. ಮಧ್ಯಾಹ್ನದ ಮೇಲೆ ಗಾಳಿ ನಿಂತೋಗಿತ್ತು, ಆಕಾಶ ತೊಳೆದಿಟ್ಟ ಹಾಗೆ, ಒಂದು ಮೋಡ ಇಲ್ಲ. ಎಷ್ಟು ಚೆನ್ನಾಗಿದೆ ಇವತ್ತು ಅಂದ್ಕೋತಿದೀನಿ, ಬಂದ್ಲು ಸಂತೋಷ್ ಭಾಬಿ ಓಡೋಡಿ. ನನ್ ತೋಟದ ಕಡೆ ಕೈ ಬೀಸಿ, “ಪಾಲಾ ಪಡೇಗಾ! ಬಹೂ, ಸಬ್ ಮೇಂ ಪಾಲಾ ಪಡೇಗಾ!” ಅಂದ್ಲು. ನೀವೇ ಹೇಳಿ, ಕನ್ನಡದೋರ ಕಿವಿಗೆ ಏನ್ ಕೇಳ್ಸುತ್ತೆ? ಪಾಲು ಪಡೀತೀನಿ ಅಂತ! ಸಬ್ ಅಂದ್ರೆ ಎಲ್ಲಾ ಅನ್ನೋದು ಗೊತ್ತಿತ್ತು. ಎಲ್ಲದ್ರಲ್ಲೂ ಪಾಲು ಪಡೀತಾಳಂತೆ! ನಂಗೆ ಮೈಯೆಲ್ಲಾ ಉರೀತು. ನನ್ ಮಗು ಬಾಯಿಗೆ ಇನ್ನೂ ಒಂದು ಹಣ್ಣು ಬಿದ್ದಿಲ್ಲ, ಇವಳಿಗೆ ಆಗ್ಲೇ ಪಾಲಂತೆ ಪಾಲು! ಆದ್ರೂ ಮನೆ ಬಾಗ್ಲಿಗೆ ಬಂದೋರಿಗೆ ಇಲ್ಲ ಅನ್ನೋದ್ ಹ್ಯಾಗೆ? ಮುಖ ಗಂಟು ಹಾಕ್ಕೊಂಡು “ಠೀಕ್ ಹೈ,” ಆಗ್ಲಿ ಅಂದೆ. “ಠೀಕ್ ಹೈ?” ಅಂತ ಅವಳು ಕಣ್ ಕಣ್ ಬಿಟ್ಲು. ಆಮೇಲೆ “ಪಾನೀ ದೇ ದೇ, ಪಾನೀ!” ಅಂದ್ಲು. ಓ, ನೀರು ಬೇಕಂತೆ ಅಂತ ಒಳಗೆ ಹೋಗಿ ಲೋಟದಲ್ಲಿ ನೀರು ತಂದ್ಕೊಟ್ಟೆ. ಅವಳು ಲೋಟ ನೋಡಿದ್ಲು, ನನ್ನ ನೋಡಿದ್ಲು, ಗಟಗಟ ಅಂತ ಕುಡಿದ್ಲು, ಹಣೆ ಚಚ್ಕೊಂಡು, ತನ್ನ ಬಟಾಣಿ ಮುಚ್ಚಕ್ಕೆ ಓಡಿದ್ಲು. ನಾನು ಒಳಗೆ ಬಂದು ಬಾಗ್ಲು ಸ್ವಲ್ಪ ಜೋರಾಗೇ ಹಾಕ್ದೆ, ಅನ್ನಿ.

ಬೆಳಗ್ಗೆ ಎದ್ದು ಬಾಗ್ಲು ತೆಗೀತೀನಿ, ತೋಟ ಎಲ್ಲಾ ಬೆಳ್ಳಗೆ. ಯಾರೋ ರಂಗೋಲಿ ಪುಡಿ ಉದುರಿಸಿದಾರಾ ಅನ್ಸ್ತು. ಎಷ್ಟು ಚೆಂದ ಇತ್ತು ಗೊತ್ತಾ! ಮುಟ್ಟಿದ್ರೆ ಚರಚರ ಅನ್ನೋದು. ಮಗೂಗೂ ತೋರಿಸ್ದೆ. ಆಮೇಲೆ ಬಿಸ್ಲು ಬಂತು. ಬಿಸ್ಲು ಬರ್ತಾ ಬರ್ತಾ ಆ ಬಿಳುಪು ಕರಗಿ, ಎಲೆ ಎಲ್ಲಾ ಬಿಸಿನೀರು ಹೊಯ್ದ ಸೊಪ್ಪಿನ ಹಾಗೆ ಜೋತುಬಿದ್ದು, ಊಟದ ಹೊತ್ತಿಗೆ ಕಪ್ಪು. ಅವರೆ ಹೋಯ್ತು. ಹುರುಳಿಕಾಯಿ ಹೋಯ್ತು. ಟೊಮೇಟೊ ಹಿಡ್ಕೊಂಡ್ರೆ ಕೈಯಲ್ಲೇ ಪಿಚಕ್ ಅಂತು. ನಾನು ಆ ಮಣ್ಣಲ್ಲೇ ಕೂತು, ಮಗೂನ ಮಡಿಲಲ್ಲಿ ಹಾಕ್ಕೊಂಡು ಅತ್ತೆ. ತರಕಾರಿಗಲ್ಲ ಕಣ್ರೋ. ಇನ್ನು ಮೈಸೂರಿಗೆ ಹೋಗೋದೇ, ಇವರನ್ನ ಬಿಟ್ಟು ಹೋಗೋದೇ ಅಂತ ಅತ್ತೆ.

ಸಂಜೆ ತಾತ ಬಂದ್ರು. “ಎಲ್ಲಾ ಹೋಯ್ತು, ಅದರ ಮೇಲೆ ಆಯಮ್ಮ ಪಾಲು ಬೇರೆ ಕೇಳ್ತಾಳೆ!” ಅಂದೆ. “ಪಾಲಾ?” “ಹೂಂ, ಪಾಲಾ ಪಡೇಗಾ ಅಂತ ನನ್ ಮುಖದ ಮೇಲೇ ಹೇಳಿದ್ಲು.” ತಾತಂಗೆ ನಗು ಬಂತು, ನನ್ ಮುಖ ನೋಡಿ ನುಂಗ್ಕೊಂಡ್ರು, ಆಗ್ಲಿಲ್ಲ, ಮತ್ತೆ ಬಂತು. “ಲೇ, ಪಾಲಾ ಅಂದ್ರೆ ಇದೇ ಕಣೇ, ಈ ಹಿಮ. ಪಾಲಾ ಪಡೇಗಾ ಅಂದ್ರೆ ಹಿಮ ಬೀಳುತ್ತೆ ಅಂತ. ಪಾನಿ ಕೊಡು ಅಂದಿದ್ದು ಗಿಡಕ್ಕೆ. ಸಂಜೆ ನೀರು ಕಟ್ಟಿದ್ರೆ ನೆಲ ಅಷ್ಟು ಬೇಗ ತಣ್ಣಗಾಗಲ್ಲ.” ನಾನು ಸೆರಗಲ್ಲಿ ಮುಖ ಮುಚ್ಕೊಂಡೆ. ತಾತ ಮಾತ್ರ ಸುಮ್ನಿರ್ಬೇಕಲ್ಲ, ಹೋಗಿ ಭಾಬಿಗೆಲ್ಲಾ ಹೇಳ್ಬಿಟ್ರು. ಅವಳು ನಕ್ಕಿದ್ದು ನಂಗೆ ಗೋಡೆ ಈಚೆಗೆ ಕೇಳಿಸ್ತು. ನಾಚಿಕೇಲಿ ಸತ್ತೋದೆ.

ಮಾರನೇ ದಿನ ಬಾಗ್ಲು ಬಡಿದ ಸದ್ದು. “ಬಹೂ! ಪಾಲೂ!” ತೆಗೆದ್ರೆ ಸಂತೋಷ್ ಭಾಬಿ, ಬುಟ್ಟಿ ತುಂಬಾ ಕ್ಯಾರೆಟ್ಟು, ಮೆಂತ್ಯ, ಪಾಲಕ್ಕು. ಅವಳ ಬಟಾಣಿ ಹೂವೂ ಅಷ್ಟು ಮುಚ್ಚಿದ್ರೂ ಹೋಗಿತ್ತು, ಪಾಪ. ಆದ್ರೆ ನೆಲದೊಳಗಿನ ಗೆಡ್ಡೆಗೆ, ಆ ಸೊಪ್ಪಿಗೆ ಹಿಮ ಏನೂ ಮಾಡಲ್ಲ, ಇನ್ನೂ ಸಿಹಿ ಆಗುತ್ತಂತೆ ಕ್ಯಾರೆಟ್ಟು. ನಂಗೆ ಬುಟ್ಟಿ ಮುಟ್ಟೋಕೂ ಮುಖ ಇರ್ಲಿಲ್ಲ. ಅವಳು ನನ್ನ ಪಕ್ಕಕ್ಕೆ ಸರಿಸಿ ಒಳಗೆ ಬಂದು, ಒಂದು ಕ್ಯಾರೆಟ್ ಒರೆಸಿ ಮಗು ಕೈಗೆ ಕೊಟ್ಟೇಬಿಟ್ಲು. ಹಸೀದು! ಮಗು ಚೀಪ್ತು. ಇನ್ನೂ ಚೀಪ್ತು. ಕಿತ್ಕೊಳ್ಳೋಕೆ ಹೋದ್ರೆ ಕಿರುಚ್ತು! ಕಾಯಿಲೆ ಬಂದ್ಮೇಲೆ ಆ ಮಗು ತನಗೆ ಬೇಕು ಅಂತ ಕಿರುಚಿದ್ದು ಅದೇ ಮೊದ್ಲು. ನಾವಿಬ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡು ಅತ್ವಿ.

ಅವತ್ತಿಂದ ದಿನಾ ಬಂತು ಆ ಬುಟ್ಟಿ. ಬಾಗ್ಲಲ್ಲಿ “ಪಾಲೂ!” ಅಂತ ಕೂಗೋದು, ನಾನು “ಠೀಕ್ ಹೈ!” ಅನ್ನೋದು, ಇಬ್ರೂ ನಗೋದು. ಸಜ್ಜೆ ಹಿಟ್ಟಿಗೆ ಮೆಂತ್ಯ ಕಲಸಿ ರೊಟ್ಟಿ ತಟ್ಟೋದು ಕಲಿಸಿದ್ಲು, ನಾನು ಹುಳಿ ಮಾಡ್ಕೊಟ್ರೆ ಹುಣಿಸೆಹಣ್ಣಿಗೆ ಮುಖ ಹಿಂಡಿದ್ಲು, ಅದು ಬಿಡಿ. ಯಾವಾಗ ಏನ್ ಬಿತ್ತೋದು ಅಂತ ಕೈ ಸನ್ನೇಲೇ ಹೇಳ್ಕೊಟ್ಲು. ಕ್ಯಾರೆಟ್ಟು, ಮೂಲಂಗಿ, ಸೊಪ್ಪು ದಸರಾ ದೀಪಾವಳಿ ನಡುವೆ. ಟೊಮೇಟೊ, ಬದನೆ ಸಸಿ ಚಳೀಲಿ ಗೋಡೆ ಪಕ್ಕ ಹುಲ್ಲು ಹೊದಿಸಿ ಕಾಪಾಡಿ, ಹಿಮ ಬೀಳೋದು ನಿಂತ್ಮೇಲೆ ನೆಡೋದು. ಸೌತೆ, ಕುಂಬಳ, ಹೀರೆ ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ. ತಡ ಮಾಡಿದ್ರೆ ಬಿಸ್ಲು ತಿನ್ನುತ್ತೆ, ಅವಸರ ಮಾಡಿದ್ರೆ ಪಾಲಾ ತಿನ್ನುತ್ತೆ.

ಶಿವರಾತ್ರಿ ಹತ್ರ ಬಂತು. ಮಾವನೋರು, ಅಂದ್ರೆ ನಿಮ್ ಮುತ್ತಾತ, ವಾಪಸ್ ಹೋಗೋಕೆ ತಮ್ಮ ಜೊತೆ ನಮ್ಮದೂ ಟಿಕೆಟ್ ಮಾಡಿಸ್ಕೊಂಡೇ ಬಂದಿಳಿದ್ರು. ಆರು ಅಡಿ ಆಳು, ಅವರ ಮುಂದೆ ತಾತಾನೇ ಗಟ್ಟಿ ಮಾತಾಡ್ತಿರ್ಲಿಲ್ಲ. ನಾನು ಬಟ್ಟೆ ಕಟ್ಟಿಟ್ಟಿದ್ದೆ. ಮಗು ಅಂಗಳದಲ್ಲಿ ಸಂತೋಷ್ ಭಾಬಿ ಜೊತೆ ಬಿಸಿಲು ಕಾಯಿಸ್ತಾ ಕೂತಿತ್ತು, ಮೂತಿಯೆಲ್ಲಾ ಕ್ಯಾರೆಟ್ಟು. ಮಾವನೋರು “ಬಾ ಪುಟ್ಟಿ” ಅಂತ ಕೈ ಚಾಚಿದ್ರು. ಪುಟ್ಟಿ ನೋಡಿದ್ಲು, ಆ ಮೀಸೆಗೆ ಹೆದರಿದ್ಲು, ಎದ್ದು ಓಡಿದ್ಲು! ತೊಪ ತೊಪ ಅಂತ ಅಂಗಳದ ಈ ತುದಿಯಿಂದ ಆ ತುದಿಗೆ! ಮಾವನೋರು ಕನ್ನಡಕ ತೆಗೆದು ಒರೆಸಿದ್ರು. ಆಮೇಲೆ ತಾತನ ಕಡೆ ತಿರುಗಿ, “ನಂದೊಂದು ಟಿಕೆಟ್ ಇರ್ಲಿ ಕಣೋ, ಮಿಕ್ಕಿದ್ದು ವಾಪಸ್ ಮಾಡ್ಬಿಡು” ಅಂದ್ರು.

ಇವತ್ತು ನೀವಿಬ್ರು ಇಲ್ಲಿ ಕೂತಿದೀರಿ ಅಂದ್ರೆ ಆಯಮ್ಮನ ಪುಣ್ಯ ಕಣ್ರೋ, ದೇವರ ಮುಂದೆ ನಿಂತಾಗ್ಲೆಲ್ಲಾ ಅವಳ ಹೆಸರು ಹೇಳ್ತೀನಿ ನಾನು. ಅಕ್ಕಪಕ್ಕದೋರು ಏನಾದ್ರೂ ಹೇಳಿ, ನಿಮಗೆ ಅರ್ಥ ಆಗ್ಲಿಲ್ಲ ಅಂದ್ರೆ, ಮುಖ ಊದಿಸ್ಕೋಬೇಡಿ, ಸುಮ್ಸುಮ್ನೆ ಹೂಂ ಅಂತಾನೂ ಅನ್ಬೇಡಿ. ಏನಂದ್ರಿ ಅಂತ ಇನ್ನೊಂದ್ಸಲ ಕೇಳಿ, ಅಷ್ಟೆ. ಏಳಿ, ಆ ಬೀಜ ಬಿತ್ತಿ, ಕೈ ತೊಳ್ಕೊಳ್ಳಿ.