ಹೊರಗೆ ಬರುವ ಸೀಟು

ದೀಪ ಇರಲಿ, ಆರಿಸಬೇಡಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಅವನು ಲಿಫ್ಟ್ ರಿಪೇರಿ ಮಾಡುವವನು. ಕಿವಿ ಬಲು ಚುರುಕು. ಬಾಗಿಲು ಮುಚ್ಚಿದ ಲಿಫ್ಟಿನ ಮೋಟಾರಿನ ಸದ್ದು ಕೇಳಿಯೇ ಒಳಗೆ ಒಬ್ಬರಿದ್ದಾರೋ ನಾಲ್ವರಿದ್ದಾರೋ ಹೇಳಿಬಿಡುತ್ತಿದ್ದ.

ಅವತ್ತು ಕೆಲಸ ಮುಗಿಸಿ ನಡೆದು ಬರುವಾಗ ರಾತ್ರಿ ಹನ್ನೆರಡೂವರೆ. ಅವನ ಗಲ್ಲಿ ಇಕ್ಕಟ್ಟು, ಕಾರು ಒಳಗೆ ಹೋಗದು. ಅದಕ್ಕೇ ಗಲ್ಲಿಯ ಬಾಯಲ್ಲಿ, ಹಳೇ ಬಾವಿಯ ಪಕ್ಕ ನಿಲ್ಲಿಸುತ್ತಿದ್ದ. ಬಾವಿ ದಾಟಿ ನಾಲ್ಕು ಹೆಜ್ಜೆ ಹಾಕಿರಬೇಕು... ಹಿಂದಿನಿಂದ ಸದ್ದು.

ಟಕ್.

ಆಮೇಲೆ... ಊಂ... ಊಂ... ಊಂ...

ತಿರುಗಿ ನೋಡಿದ. ಕಾರಿನ ಎಡಬಾಗಿಲು ತೆರೆದಿತ್ತು. ಮುಂದಿನ ಸೀಟು ತಾನಾಗಿ ತಿರುಗಿ, ಹೊರಗೆ ಬಂದು, ರಸ್ತೆಯ ಮಟ್ಟಕ್ಕೆ ಇಳಿದು ನಿಂತಿತ್ತು. ಕೀ ಅವನ ಜೇಬಿನಲ್ಲೇ ಇತ್ತು. ಒಂದು ಗಳಿಗೆ ಏನೂ ಇಲ್ಲ... ಎಲೆಯೂ ಅಲ್ಲಾಡಲಿಲ್ಲ. ಆಮೇಲೆ ಸೀಟು ಒಳಗೆ ಹೋಗತೊಡಗಿತು. ಗುರ್ರ್‌ಂ... ಗುರ್ರ್‌ಂ...

ಬರುವಾಗ ಹಗುರವಾಗಿದ್ದ ಮೋಟಾರು ಹೋಗುವಾಗ ತಿಣುಕುತ್ತಿತ್ತು. ಖಾಲಿ ಸೀಟಿಗೆ ಯಾವ ಮೋಟಾರೂ ತಿಣುಕುವುದಿಲ್ಲ. ಯಾರೋ ಹತ್ತಿ ಕೂತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಇವನೂ ಹೇಳಿದ.

ಅಂಥ ಕಾರು ಅವನ ಹತ್ತಿರ ಯಾಕಿತ್ತು ಅಂತ ಕೇಳಿ. ನಮ್ಮ ಅತ್ತಿಗೆಗೆ, ಅಂದರೆ ಅವನ ಹೆಂಡತಿಗೆ, ಅದಕ್ಕೆ ಒಂದೂವರೆ ವರ್ಷ ಮೊದಲು ಜ್ವರ ಬಂದು ಸೊಂಟದ ಕೆಳಗೆ ಬಲ ಹೋಗಿಬಿಟ್ಟಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಗೆ ಕರೆತಂದು ಕಾಲಿಗೆ ವ್ಯಾಯಾಮ ಮಾಡಿಸಿದರೆ ಎದ್ದು ನಿಂತಾರು, ತಪ್ಪಿಸಿದರೆ ಆಸೆ ಬಿಡಿ ಎಂದಿದ್ದರು ಡಾಕ್ಟರು. ಟ್ಯಾಕ್ಸಿಯವರು ಕಂಕುಳಿಗೆ ಕೈ ಹಾಕಿ ಎಳೆದು ಕೂರಿಸುತ್ತಿದ್ದರು. ಆಕೆಗೆ ನೋವಿಗಿಂತ ಅವಮಾನವೇ ಹೆಚ್ಚು.

ಒಂದು ದಿನ ಹೇಳಿಬಿಟ್ಟಳು. “ನನ್ನನ್ನ ಮೂಟೆ ಎತ್ತಿದ ಹಾಗೆ ಎತ್ತಿಸಬೇಡಿ ರೀ. ಇಲ್ಲೇ ಬಿದ್ದಿರ್ತೀನಿ.”

ಹೊರದೇಶದಲ್ಲಿ ಕೈಲಾಗದವರಿಗೆಂದೇ ಮಾಡಿದ ಕಾರುಗಳಿವೆ. ಗುಂಡಿ ಒತ್ತಿದರೆ ಸೀಟೇ ಆಚೆ ಬಂದು ಕರೆದುಕೊಂಡು ಹೋಗುತ್ತದೆ. ಇಲ್ಲಿ ಅದು ಸಿಗುವುದಿಲ್ಲ, ಹೊಸದನ್ನು ಕನಸಿನಲ್ಲೂ ತರಲಾಗದು. ಹಾಗಾಗಿ ಯಾರೋ ಓಡಿಸಿ ಬಿಟ್ಟ ಹಳೆಯದೊಂದನ್ನು ಹಡಗಿನಲ್ಲಿ ತರಿಸಿದ. ಬಂದರಿನಲ್ಲಿ ಅದು ನಾಲ್ಕು ತಿಂಗಳು ನಿಂತಿತು. ಆ ಕಾಗದ ತಾ, ಈ ಸಹಿ ತಾ ಎಂದು ಅಲೆದು ಅಲೆದು ಅವನ ಚಪ್ಪಲಿ ಸವೆದುಹೋಯಿತು. ಕೊನೆಗೆ ಸುಂಕದ ಕಚೇರಿಯ ಗುಮಾಸ್ತ ಮುಚ್ಚಳಿಕೆ ಬರೆಸಿಕೊಂಡ. ಸ್ವಂತ ಬಳಕೆಗೆ ಮಾತ್ರ, ಎರಡು ವರ್ಷ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ವಾಪಸ್ ಕಳಿಸುವಂತಿಲ್ಲ. ಇವನು ನಗುನಗುತ್ತಾ ಸಹಿ ಹಾಕಿದ. ಬಂದರಿನ ಅಂಗಳದಲ್ಲಿ ಆ ಕಾರನ್ನು ಮಾತ್ರ ಎಡಬಾಗಿಲು ತೆರೆಯಲಾಗದಂತೆ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಯಾಕೆಂದು ಇವನಿಗೆ ಕೇಳಬೇಕೆನಿಸಲಿಲ್ಲ.

ಸದ್ದು ಕೇಳಿದ ಮರುದಿನ ರಾತ್ರಿ ಬ್ಯಾಟರಿ ಬಿಚ್ಚಿ ತಂದು ಮಂಚದ ಕೆಳಗಿಟ್ಟುಕೊಂಡು ಮಲಗಿದ. ಗಲ್ಲಿಯ ಬಾಯಿಂದ ಕೇಳಿಸಿತು... ಟಕ್. ಊಂ... ಊಂ... ಬ್ಯಾಟರಿ ಮಂಚದ ಕೆಳಗೇ ಇತ್ತು.

ಬೆಳಗಾಗುವುದನ್ನೇ ಕಾದು ಗುಮಾಸ್ತನ ಹತ್ತಿರ ಓಡಿದ. ಕಾರು ಬೇಡ, ನೀವೇ ಇಟ್ಟುಕೊಳ್ಳಿ, ಗುಜರಿಗಾದರೂ ಹಾಕಿ ಎಂದು ಕೈ ಮುಗಿದ. ಗುಮಾಸ್ತ ಆಚೀಚೆ ನೋಡಿ ದನಿ ತಗ್ಗಿಸಿದ.

“ರಾತ್ರಿ... ಸೀಟಾ?”

“ನಿಮಗೆ ಗೊತ್ತಿತ್ತಾ?”

“ಸ್ವಂತಕ್ಕೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ, ಸ್ವಾಮಿ.”

ಅಷ್ಟೇ ಅಂದು ಮುಂದಿನ ಫೈಲು ತೆರೆದ. ಬೇಲಿಯಲ್ಲಿದ್ದ ಓತಿಕ್ಯಾತವನ್ನು ತಂದು ಕಿವಿಯಲ್ಲಿ ಬಿಟ್ಟುಕೊಂಡ ಹಾಗಾಯಿತು ನಮ್ಮವನ ಗತಿ.

ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಹೇಗೆ ಹೇಳುತ್ತಾನೆ? ಆಕೆ ಒಂದೂವರೆ ವರ್ಷದ ಮೇಲೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಹೊರಗೆ ಹೊರಡುತ್ತಿದ್ದಳು. ಆಸ್ಪತ್ರೆಯಲ್ಲಿ ಕಂಬಿ ಹಿಡಿದು ಹತ್ತು ಎಣಿಸುವಷ್ಟು ಹೊತ್ತು ನಿಂತಿದ್ದಳು. ದಾರಿಯಲ್ಲಿ ಒಮ್ಮೆ ಸುಮ್ಮನೆ ಅಂದಳು.

“ಈ ಸೀಟು ಯಾವಾಗ್ಲೂ ಬೆಚ್ಚಗಿರುತ್ತೆ ಅಲ್ವಾ ರೀ? ಈಗಷ್ಟೇ ಯಾರೋ ಎದ್ದು ಹೋದ ಹಾಗೆ.”

“ಹೀಟರ್ ಕಣೇ,” ಅಂದ. ಆ ಸೀಟಿಗೆ ಹೀಟರ್ ಇರಲಿಲ್ಲ.

ಮೂರು ವಾರ ಹೀಗೇ ಹೋಯಿತು. ಹಗಲು ಬ್ಯಾಟರಿ ಹಾಕುವುದು, ಹೆಂಡತಿಯನ್ನು ಕೂರಿಸುವುದು. ರಾತ್ರಿ ಕಿವಿಗೆ ಹತ್ತಿ ಇಟ್ಟು ಗೋಡೆ ನೋಡುವುದು. ಅವನು ಅರ್ಧ ಇಳಿದುಹೋದ.

ಒಂದು ರಾತ್ರಿ ಎರಡು ಗಂಟೆಗೆ ಅತ್ತಿಗೆ ಉಸಿರು ಸಿಗದೆ ಒದ್ದಾಡತೊಡಗಿದಳು. ತುಟಿ ನೀಲಿಯಾಗಿತ್ತು. ಆಂಬುಲೆನ್ಸ್‌ನವರು ನಲವತ್ತು ನಿಮಿಷ ಎಂದರು. ಅವಳಿಗೆ ಅಷ್ಟು ಹೊತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಒಂದು ಕೈಯಲ್ಲಿ ಬ್ಯಾಟರಿ, ಬೆನ್ನ ಮೇಲೆ ಹೆಂಡತಿ. ಬಾವಿಯವರೆಗೆ ಓಡಿದ. ವಯರು ಸಿಕ್ಕಿಸಿ ಗುಂಡಿ ಒತ್ತಿದ.

ಟಕ್. ಗುರ್ರ್‌ಂ... ಗುರ್ರ್‌ಂ...

ಬರುವಾಗಲೇ ತಿಣುಕುತ್ತಿತ್ತು.

ಸೀಟು ಅವನ ಮೊಣಕಾಲ ಹತ್ತಿರ ಬಂದು ನಿಂತಿತು. ಕಣ್ಣಿಗೆ ಏನೂ ಇಲ್ಲ. ಮೆತ್ತೆಯ ನಡುವೆ ಮಾತ್ರ ತಗ್ಗು. ಕಿವಿಯ ಹತ್ತಿರ ಹೆಂಡತಿಯ ಉಸಿರು ಸುಯ್... ಸುಯ್... ಎಂದು ಕಡಿಮೆಯಾಗುತ್ತಿತ್ತು. ಕೈ ಮುಗಿಯೋಣವೆಂದರೆ ಎರಡೂ ಕೈ ಅವಳನ್ನು ಹಿಡಿದಿವೆ. ತಲೆ ಬಗ್ಗಿಸಿದ. ಅಳುತ್ತಿದ್ದ. ಆ ಹೊತ್ತಿಗೆ ಅವನಿಗೆ ಹೆದರಿಕೆ ಇರಲೇ ಇಲ್ಲ, ಇವಳು ಹೋಗಿಬಿಡುತ್ತಾಳೆ ಎನ್ನುವುದೊಂದೇ.

“ಅಮ್ಮಾ... ಇವತ್ತೊಂದಿನ ಜಾಗ ಬಿಡಿ. ಇವಳಿಗೆ ನಡೆಯೋಕಾಗಲ್ಲ.”

ಯಾವ ದೇಶದವರೋ, ಯಾವ ಭಾಷೆಯೋ... ಅವನಿಗೆ ಬರುತ್ತಿದ್ದದ್ದು ಇದೊಂದೇ.

ಕಿರ್... ಕಾಲಿಡುವ ತಟ್ಟೆ ಸದ್ದು ಮಾಡಿತು. ಉಸ್ಸ್... ಮೆತ್ತೆ ನಿಧಾನಕ್ಕೆ ಮೇಲೆದ್ದಿತು. ಆಮೇಲೆ ಹಿಂದಿನ ಬಾಗಿಲು ತೆರೆದು... ಮೆಲ್ಲಗೆ ಮುಚ್ಚಿಕೊಂಡಿತು.

ಆಸ್ಪತ್ರೆಯವರೆಗೆ ಅವನು ಕನ್ನಡಿ ನೋಡಲಿಲ್ಲ.

ಬಾಗಿಲಲ್ಲಿದ್ದ ಆಯಾ ಕಾರಿನೊಳಗೆ ಇಣುಕಿ, ಒಳಗೆ ಹೋಗಿ, ಎರಡು ವೀಲ್‌ಚೇರ್ ತಂದಳು.

“ಇವ್ರನ್ನ ನಾನು ಕರ್ಕೊಂಡು ಓಡ್ತೀನಿ. ಹಿಂದೆ ಕೂತಿರೋ ಅಜ್ಜೀನ ನೀವು ತನ್ನಿ.”

ಹೆಂಡತಿಯ ಹಿಂದೆಯೇ ಓಡಬಹುದಿತ್ತು. ಓಡಲಿಲ್ಲ. ಕೇಳಿದಾಗ ಜಾಗ ಬಿಟ್ಟುಕೊಟ್ಟವರು. ಹೇಗೆ ಬಿಟ್ಟು ಹೋಗುವುದು? ಹಿಂದಿನ ಬಾಗಿಲು ತೆಗೆದು ವೀಲ್‌ಚೇರ್ ಹಿಡಿದು ನಿಂತ. ಸ್ವಲ್ಪ ಹೊತ್ತು... ಕಿರ್ರ್. ತಳ್ಳಿದ. ಭಾರವಿತ್ತು.

ದಾಖಲು ಮಾಡುವ ಕಿಟಕಿಯ ಮುಂದೆ ನೆಲದಲ್ಲೇ ತೂಕದ ಹಲಗೆ. ರೋಗಿಯನ್ನು ವೀಲ್‌ಚೇರ್ ಸಮೇತ ಅದರ ಮೇಲೆ ನಿಲ್ಲಿಸಬೇಕು. ನಿದ್ದೆಗಣ್ಣಿನ ನರ್ಸ್ ತಲೆ ಎತ್ತದೆ ಯಂತ್ರ ನೋಡಿ ಬರೆದುಕೊಂಡಳು.

“ನಿಮಗೇನಾಗಬೇಕು ಇವರು?”



“ನಮ್ಮವರೇ,” ಅಂದ.

ಚೀಟಿ ತೆಗೆದುಕೊಂಡು, ವೀಲ್‌ಚೇರನ್ನು ಬೆಂಚಿನ ಪಕ್ಕ ಬೆಳಕಿರುವ ಕಡೆ ನಿಲ್ಲಿಸಿ, ಹೆಂಡತಿಯ ಹತ್ತಿರ ಓಡಿದ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದರಂತೆ ಡಾಕ್ಟರು. ಬೆಳಿಗ್ಗೆ ಬಂದು ನೋಡಿದರೆ ಬೆಂಚಿನ ಪಕ್ಕ ವೀಲ್‌ಚೇರ್ ಇರಲಿಲ್ಲ.

ಅತ್ತಿಗೆ ಈಗ ಕೋಲು ಹಿಡಿದು ನಡೆಯುತ್ತಾಳೆ, ನೀವೇ ನೋಡಿದ್ದೀರಿ. ನಂಬದಿದ್ದರೆ ಬಿಡಿ, ಆ ಚೀಟಿ ಅವರ ಮನೆಯಲ್ಲಿದೆ, ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ. ಹೆಸರಿನ ಜಾಗ ಖಾಲಿ. ವಯಸ್ಸು ಖಾಲಿ. ಸಂಬಂಧ: ಮನೆಯವರು. ತೂಕ: ಕುರ್ಚಿ ಬಿಟ್ಟು, ಮೂವತ್ತೊಂಬತ್ತು ಕಿಲೋ.